ಹಿನ್ನೀರಿನಲ್ಲಿ ಗಾಳದ ಹಗ್ಗ

ಗಾಳ ಎಂದಕೂಡಲೇ ಕೋಲು ಹಿಡಿದು ದಂಡೆಯ ಮೇಲೆ ತೂಕಡಿಸುವ ಮನುಷ್ಯ ನಿಮ್ಮ ಕಣ್ಣಿಗೆ ಬಂದರೆ, ಅವನನ್ನು ಈಗಲೇ ಎಬ್ಬಿಸಿ ಮನೆಗೆ ಕಳಿಸಿಬಿಡಿ. ನಾನು ಮಾಡಿದ ಕೆಲಸಕ್ಕೂ ಅವನಿಗೂ ಸಂಬಂಧವಿಲ್ಲ. ನಮ್ಮದು ಹಗ್ಗದ ಗಾಳ. ನೀರಿನಲ್ಲಿ ಎರಡು ಗೂಟಗಳ ನಡುವೆ ಉದ್ದನೆಯ ಹಗ್ಗ ಕಟ್ಟಬೇಕು. ಆ ಹಗ್ಗದಿಂದ ಮೊಳದುದ್ದದ ದಾರಗಳು ಸಾಲಾಗಿ ಇಳಿಬಿದ್ದಿರುತ್ತವೆ. ಪ್ರತಿ ದಾರದ ತುದಿಗೆ ಒಂದು ಗಾಳ, ಗಾಳಕ್ಕೊಂದು ಎರೆ. ಹೊತ್ತು ಇಳಿಯುವಾಗ ಹಾಕಿ ಮನೆಗೆ ಬರುವುದು, ಬೆಳಕು ಹರಿಯುವಾಗ ಹೋಗಿ ಎತ್ತುವುದು. ನಡುವಿನ ಹೊತ್ತಿನಲ್ಲಿ ಹಗ್ಗ ಕಾಯುತ್ತದೆ, ನೀವು ಮಲಗುತ್ತೀರಿ. ಕೇಳಲಿಕ್ಕೆ ಎಷ್ಟು ಸುಲಭ!

ಈಗ ನಾನು ಬೀದರದ ಚಿದ್ರಿಯಲ್ಲಿ ಇದ್ದೇನೆ. ನಮ್ಮ ಕೆಲಸದಲ್ಲಿ ಹಾರ ಹಾಕಿ, ಶಾಲು ಹೊದಿಸಿ ನಿವೃತ್ತಿ ಮಾಡುವವರು ಯಾರೂ ಇಲ್ಲ. ಯಾವ ದಿನ ಬಲಗೈ ತಲೆಯ ಮೇಲಕ್ಕೆ ಏಳುವುದಿಲ್ಲವೋ ಆ ದಿನ ನಿವೃತ್ತಿ. ನನ್ನ ಕೈ ನಿಂತಮೇಲೂ ಹೊಸದಾಗಿ ಈ ಕೆಲಸಕ್ಕೆ ಬರುವವರು ನನ್ನನ್ನು ಕೇಳಿಕೊಂಡು ಮನೆಗೆ ಬರುತ್ತಾರೆ. ಎಲ್ಲರೂ ಕೇಳುವುದು ಒಂದೇ: ಯಾವ ಎರೆ, ಯಾವ ಗಾಳ, ಎಲ್ಲಿ ಹಾಕಬೇಕು. ಅದಷ್ಟನ್ನೇ ಹೇಳಿ ಕಳಿಸಿದರೆ ಅವರು ಮೊದಲ ವಾರವೇ ಕೈ ಹರಿದುಕೊಂಡು ಬರುತ್ತಾರೆ. ಆದ್ದರಿಂದ ಕೆಲಸ ನಿಜವಾಗಿ ಹೇಗಿತ್ತು ಎಂಬುದನ್ನು ಕೂತು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿಯಲ್ಲಿ. ಅಪ್ಪನಿಗೆ ಕುರಿ ಇದ್ದವು, ಮಳೆಯನ್ನು ನಂಬಿದ ಹೊಲ ಇತ್ತು. ಮೀನನ್ನು ನಾನು ಕಂಡದ್ದು ಭಾಲ್ಕಿಯ ಸಂತೆಯಲ್ಲಿ, ಅದೂ ಮೂಗು ಮುಚ್ಚಿಕೊಂಡು. ಈಜು ಬರುತ್ತಿರಲಿಲ್ಲ. ಲಗ್ನವಾಗಿ ಹೋದದ್ದು ಕಾರಂಜಾ ಅಣೆಕಟ್ಟಿನ ಹಿನ್ನೀರಿನ ದಂಡೆಯ ಹಳ್ಳಿಗೆ. ಗಂಡನ ಮನೆಯ ಹೊಲವೆಲ್ಲ ಆ ನೀರಿನ ಕೆಳಗೆ ಹೋಗಿತ್ತು. ನಮ್ಮ ಮನೆಯವರು ಬೀದರದಲ್ಲಿ ಆಟೋ ಓಡಿಸಿ ವಾರಕ್ಕೊಮ್ಮೆ ಬರುತ್ತಿದ್ದರು. ಅತ್ತೆ ಗುಂಡಮ್ಮ ಮಾತ್ರ ದಂಡೆ ಬಿಟ್ಟು ಕದಲುವುದಿಲ್ಲ ಎಂದು ಕೂತಿದ್ದರು. ಅವರೊಂದಿಗೆ ನಾನೂ ಉಳಿದೆ.

ಆಗ ಹಿನ್ನೀರಿನ ಮೀನನ್ನು ಒಬ್ಬ ಗುತ್ತಿಗೆದಾರರು ಹಿಡಿಸುತ್ತಿದ್ದರು. ಅವರ ಜನ ಬಲೆ ಹಾಕುತ್ತಿದ್ದರು. ಆದರೆ ನಮ್ಮ ಕಡೆಯ ಕೊಲ್ಲಿಯಲ್ಲಿ ಬಲೆ ನಡೆಯುತ್ತಿರಲಿಲ್ಲ. ಕೆಳಗೆ ಮುಳುಗಿದ ಜಾಲಿಗಿಡ, ಹೊಲದ ಒಡ್ಡು, ಬಿದ್ದ ಗೋಡೆ. ಹಾಕಿದ ಬಲೆ ಚಿಂದಿಯಾಗಿ ಬರುತ್ತಿತ್ತು. ದೊಡ್ಡ ಮೀನು ಇರುವುದೂ ಅಂಥ ಜಾಗದಲ್ಲಿಯೇ. ಅಲ್ಲಿ ಹಗ್ಗದ ಗಾಳ ಹಾಕಲು ಗುತ್ತಿಗೆದಾರರ ಕಡೆಯಿಂದ ಒಬ್ಬರೇ ಇದ್ದರು, ಖಾದರ ಚಾಚಾ. ಬೀದರದವರು. ಅವರ ಮನೆತನದವರು ಹಿಂದೆ ಗಾಳ ಮತ್ತು ದಬ್ಬಳ ಬಡಿಯುತ್ತಿದ್ದರಂತೆ. ಚಾಚಾ ಗಾಳ ಬಡಿಯುವುದನ್ನು ಬಿಟ್ಟು ಗಾಳ ಹಾಕುವುದಕ್ಕೆ ಇಳಿದವರು. ಅವರಿಗೆ ಹಗ್ಗ ಎತ್ತಲು ಜೊತೆಗೊಬ್ಬರು ಬೇಕಾಗಿತ್ತು. ಗಂಡಸರೆಲ್ಲ ಬಲೆಯ ಕಡೆ ಹೋಗಿದ್ದರು. ನಾನು ಹೋಗಿ ಕೇಳಿದೆ.

“ಈಜು ಬರ್ತದೇನು?”

“ಇಲ್ರಿ.”

“ಚಲೋ ಆಯ್ತು,” ಎಂದರು ಚಾಚಾ. “ಈಜು ಬರೋರು ಹಗ್ಗ ಕೈ ಬಿಡ್ತಾರ. ನೀ ಬಿಡಂಗಿಲ್ಲ.”

ಆಮೇಲೆ ಆ ಬೇಸಿಗೆಯಲ್ಲಿಯೇ ಅವರು ನನಗೆ ಈಜು ಕಲಿಸಿದರು, ಸೊಂಟಕ್ಕೆ ಹಗ್ಗ ಕಟ್ಟಿ, ದಂಡೆಯಿಂದ ಬೈದು ಬೈದು.

ಮೊದಲ ಪಾಠ ಬುಟ್ಟಿಯದು. ಹಗ್ಗವನ್ನು ಅಗಲ ಬುಟ್ಟಿಯಲ್ಲಿ ಸುತ್ತಿ ಸುತ್ತಿ ಇಡಬೇಕು. ಬುಟ್ಟಿಯ ಅಂಚಿಗೆ ಹುಲ್ಲಿನ ಹಗ್ಗ ಬಿಗಿದು, ಅದಕ್ಕೆ ಒಂದೊಂದೇ ಗಾಳವನ್ನು ಸಾಲಾಗಿ ಚುಚ್ಚಿಡಬೇಕು. ನೀರಿಗೆ ಬಿಡುವಾಗ ಅದೇ ಸಾಲಿನಲ್ಲಿ ಕಳಚಬೇಕು. ಒಂದು ಗಾಳ ಸಾಲು ತಪ್ಪಿದರೆ ಇಡೀ ಹಗ್ಗ ಹೆಣೆದುಕೊಂಡು ಕಾಗೆಯ ಗೂಡಾಗುತ್ತದೆ. ನನ್ನದು ಮೊದಲ ದಿನವೇ ಆಯಿತು. ಕುಡುಗೋಲಿನಿಂದ ಕತ್ತರಿಸೋಣ ಎಂದೆ. ಚಾಚಾ ಕುಡುಗೋಲನ್ನು ತಮ್ಮ ಕುಂಡೆಯ ಕೆಳಗೆ ಇಟ್ಟುಕೊಂಡು ಕೂತರು. “ಸಬರ್, ಬೇಟಿ. ಕೊಯ್ಯಾಕ ಎಲ್ಲಾರಿಗೂ ಬರ್ತದ. ಬಿಡಸು.” ಬೇವಿನ ಗಿಡದ ನೆರಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವವರೆಗೆ ಬಿಡಿಸಿದೆ. ಕೊನೆಯ ಗಂಟು ಬಿಚ್ಚಿದಾಗ ಹಗ್ಗದ ಒಂದೊಂದು ಗೇಣೂ ನನ್ನ ಕೈಗೆ ಗೊತ್ತಾಗಿತ್ತು. ಇವತ್ತು ಯಾರಾದರೂ ಗಂಟು ಕತ್ತರಿಸುವುದನ್ನು ಕಂಡರೆ ನನ್ನ ಬಾಯಿಂದ ಚಾಚಾನ ಬೈಗುಳವೇ ಬರುತ್ತದೆ.

ಉಳಿದ ಪಾಠಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗಂಟನ್ನು ಎಂಜಲು ಹಚ್ಚಿ ತೇವ ಮಾಡಿಯೇ ಬಿಗಿಯಬೇಕು. ಒಣ ನೈಲಾನ್ ಗಂಟು ಮೀನು ಜಗ್ಗಿದಾಗ ಜಾರುತ್ತದೆ. ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಬಾರದು. ಎರಡು ದಾರಗಳು ಒಂದನ್ನೊಂದು ಮುಟ್ಟದಷ್ಟು ದೂರ ಇರಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ನಿಮ್ಮ ತೆಪ್ಪ ಹಗ್ಗದ ಮೇಲೆ ಹೋಗದ ಹಾಗೆ ಎತ್ತಬೇಕು. ಹಾವುಮೀನಿಗೆ ಎರೆಹುಳ, ಬಾಳೆಮೀನಿಗೆ ಸಣ್ಣ ಮೀನು, ಮರಲ್ ಮೀನಿಗೆ ಕಪ್ಪೆ. ಕೋಳಿಯ ಕರುಳು ಎಲ್ಲದಕ್ಕೂ ನಡೆಯುತ್ತದೆ, ನಿಮ್ಮ ಮೂಗು ನಡೆಸಿಕೊಂಡರೆ.

ಎಲ್ಲಿ ಹಾಕಬೇಕು ಎಂಬುದನ್ನು ನನಗೆ ಕಲಿಸಿದ್ದು ಚಾಚಾ ಅಲ್ಲ, ಅತ್ತೆ.

ಚಾಚಾ ಹೊರಗಿನವರು. ಆ ನೀರಿನ ಕೆಳಗೆ ಏನಿದೆ ಎಂದು ಕಲ್ಲು ಕಟ್ಟಿದ ದಾರ ಇಳಿಬಿಟ್ಟು ಹುಡುಕುತ್ತಿದ್ದರು. ಒಂದು ದಿನ ಅತ್ತೆ ದಂಡೆಯ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದವರು ಕೂಗಿದರು: “ಅಲ್ಲೇನು ಹುಡುಕ್ತೀರಿ? ಅದು ಗೌಡರ ಕಣ. ಬಯಲು ಅದ. ಮೀನು ಬಯಲಾಗ ಯಾಕ ನಿಂದ್ರತದ?”

ಚಾಚಾ ತೆಪ್ಪವನ್ನು ದಂಡೆಗೆ ತಂದು ಕೈ ಮುಗಿದರು. “ತೆಪ್ಪಾ ಹತ್ತ್ರಿ, ಅಮ್ಮಾ.”

ಅತ್ತೆ ನೀರಿನ ಮೇಲೆ ಒಮ್ಮೆಯೂ ಹೋದವರಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತೆಪ್ಪದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ದಂಡೆಯ ಮೇಲಿದ್ದ ಹನುಮಪ್ಪನ ಗುಡಿ ಮತ್ತು ಎದುರಿನ ಗುಡ್ಡ ಎರಡನ್ನೂ ಕಣ್ಣಳತೆಯಲ್ಲಿ ಹಿಡಿದು ದಾರಿ ಹೇಳತೊಡಗಿದರು. ಇಲ್ಲಿ ಬಂಡಿ ದಾರಿ. ಇಲ್ಲಿ ತಗ್ಗು, ಹಳ್ಳ ಹರೀತಿತ್ತು. ಇದು ನಮ್ಮ ಒಡ್ಡು. ಸ್ವಲ್ಪ ಮುಂದೆ ಹೋಗಿ, “ಇಲ್ಲಿ ನಿಂದ್ರಸ್ರಿ,” ಎಂದರು. “ಕೆಳಗ ನಮ್ಮ ಬಾವಿ ಅದ.”

ಚಾಚಾ ಕಲ್ಲಿನ ದಾರ ಬಿಟ್ಟರು. ಬೇರೆ ಕಡೆ ನಿಲ್ಲುವ ಆಳದಲ್ಲಿ ಅದು ನಿಲ್ಲಲಿಲ್ಲ, ಇಳಿಯುತ್ತಲೇ ಹೋಯಿತು. ದಾರ ಮುಗಿಯಿತು. ನಾನು ಅತ್ತೆಯ ಮುಖ ನೋಡಿದೆ, ಅಳುತ್ತಾರೆ ಎಂದುಕೊಂಡೆ. ಅವರು ಬಗ್ಗಿ ಒಂದು ಬೊಗಸೆ ನೀರು ತೆಗೆದುಕೊಂಡು ಕುಡಿದು, ಮುಖ ಸಿಂಡರಿಸಿದರು. “ನಮ್ಮ ಬಾವಿ ನೀರು ಇಷ್ಟು ಸಪ್ಪಗ ಇರಲಿಲ್ಲ.”

ಆ ಬಾವಿಯ ಬಾಯಿಯ ಪಕ್ಕದಲ್ಲಿ, ಒಡ್ಡಿನ ಗುಂಟ ಹಾಕಿದ ಹಗ್ಗಕ್ಕೆ ಮರುದಿನ ಬೆಳಿಗ್ಗೆ ಎರಡು ಬಾಳೆಮೀನು ಸಿಕ್ಕವು. ಒಂದನ್ನು ತೆಪ್ಪಕ್ಕೆ ಎಳೆಯಲು ನಾನೂ ಚಾಚಾನೂ ಸೇರಿ ಜಗ್ಗಬೇಕಾಯಿತು. ಅತ್ತೆ ಆ ಮೀನನ್ನು ಸುತ್ತು ಹಾಕಿ ನೋಡಿ, “ನಮ್ಮ ಹೊಲದಾಗ ಇಂಥಾ ಬೆಳಿ ಎಂದೂ ಬಂದಿರಲಿಲ್ಲ ನೋಡು,” ಎಂದು ನಕ್ಕರು. ಅಲ್ಲಿಂದ ಮುಂದೆ ಅವರು ಇರುವವರೆಗೆ ಹಗ್ಗ ಎಲ್ಲಿ ಬೀಳಬೇಕು ಎಂದು ನಿರ್ಧರಿಸಿದವರು ಅವರೇ. ಹೊಸ ಕೆರೆಗೆ ಹೋದರೆ ನೀರನ್ನು ನೋಡುತ್ತ ನಿಲ್ಲಬೇಡಿ. ಊರೊಳಗೆ ಹೋಗಿ ನೀರು ಬರುವ ಮೊದಲು ಅಲ್ಲಿ ದನ ಮೇಯಿಸಿದವರನ್ನು ಹುಡುಕಿ.

ಇನ್ನು ಮೇಲಿನವರ ವಿಷಯ. ಗುತ್ತಿಗೆದಾರರ ಕಡೆಯಿಂದ ಒಬ್ಬ ಮ್ಯಾನೇಜರ್ ಬಂದರು. ತೆಳ್ಳಗೆ, ಇಸ್ತ್ರಿ ಅಂಗಿ, ದೂರದ ಊರಿನವರು. ಬಂದ ವಾರವೇ ನಮ್ಮ ಮುಂದೆ ಬಟ್ಟೆ ಸೋಪಿನ ಪೆಟ್ಟಿಗೆ ಇಟ್ಟು, “ಇದನ್ನು ತುಂಡು ಮಾಡಿ ಗಾಳಕ್ಕೆ ಚುಚ್ಚಿರಿ,” ಎಂದರು.

ನಾನು ಚಾಚಾನ ಮುಖ ನೋಡಿದೆ, ಚಾಚಾ ಆಕಾಶ ನೋಡಿದರು. ಅತ್ತೆ ಸುಮ್ಮನಿರಲಿಲ್ಲ. “ಯಾಕ್ರಿ ಸಾಹೇಬ್ರ, ಮೀನಿಗಿ ಜಳಕಾ ಮಾಡಸ್ತೀರೇನು?”

ಸಾಹೇಬರು ಸಿಟ್ಟಾಗಲಿಲ್ಲ. “ಹಾಕಿ ನೋಡ್ರಿ, ಅಜ್ಜಿ,” ಎಂದರು. ಸೋಪು ಒಯ್ಯುವಾಗಲೇ ಎರಡು ತುಂಡನ್ನು ಕಾಗೆ ಎತ್ತಿಕೊಂಡು ಹೋಯಿತು. ಅರ್ಧ ಹಗ್ಗಕ್ಕೆ ಕರುಳು, ಅರ್ಧ ಹಗ್ಗಕ್ಕೆ ಸೋಪು ಹಾಕಿ ಊರನ್ನೆಲ್ಲ ನಗಿಸಿದೆವು. ಬೆಳಿಗ್ಗೆ ನಗು ನಿಂತಿತು. ಕರುಳನ್ನು ಆಮೆ ಮತ್ತು ಏಡಿಗಳು ತಿಂದು ಖಾಲಿ ಮಾಡಿದ್ದವು. ಸೋಪಿನ ಕಡೆ ಮೀಸೆ ಮೀನುಗಳು ಸಾಲಾಗಿ ನೇತಾಡುತ್ತಿದ್ದವು. ಆ ಅಗ್ಗದ ಸೋಪಿನಲ್ಲಿ ಕೊಬ್ಬು ಇರುತ್ತದೆ, ಅದರ ವಾಸನೆ ನೀರಿನಲ್ಲಿ ನಿಧಾನಕ್ಕೆ ಹರಡುತ್ತದೆ ಎಂದು ಸಾಹೇಬರು ವಿವರಿಸಿದರು. ಎಲ್ಲ ಸೋಪೂ ಹಾಗಲ್ಲ. ಮುಖ ತೊಳೆಯುವ ಸೋಪನ್ನು ನಾನು ಹಾಕಿ ನೋಡಿದೆ, ಏಡಿಯೂ ಮೂಸಲಿಲ್ಲ. ಹೊಸದೇನಾದರೂ ಬಂದರೆ ನಗಿರಿ, ಆದರೆ ಅರ್ಧ ಹಗ್ಗಕ್ಕೆ ಹಾಕಿ ನೋಡಿ.

ಅದೇ ಸಾಹೇಬರೊಂದಿಗೆ ನನ್ನ ದೊಡ್ಡ ಜಗಳವೂ ಆಯಿತು. ಮಳೆಗಾಲ ಹಿಡಿದಾಗ ಮರಲ್ ಮೀನು ದಂಡೆಯ ಹುಲ್ಲಿನಲ್ಲಿ ಮರಿ ಮಾಡುತ್ತದೆ. ಮರಿಗಳು ಕೆಂಪು ಮೋಡದ ಹಾಗೆ ಒಂದೇ ಗುಂಪಾಗಿ ನೀರಿನ ಮೇಲೆ ಬರುತ್ತವೆ, ತಾಯಿ ತಂದೆ ಕೆಳಗೆ ಕಾವಲು. ಆಗ ಅವು ಹಸಿವಿಗೆ ಗಾಳ ಕಚ್ಚುವುದಿಲ್ಲ. ಹತ್ತಿರ ಬಂದದ್ದನ್ನೆಲ್ಲ ಸಿಟ್ಟಿಗೆ ಕಚ್ಚುತ್ತವೆ. ಕುರುಡರೂ ಹಿಡಿಯಬಹುದು. ಆದರೆ ಕಾವಲು ಹೋದರೆ ಒಂದೇ ದಿನದಲ್ಲಿ ಉಳಿದ ಮೀನುಗಳು ಆ ಮರಿಗಳನ್ನು ತಿಂದು ಮುಗಿಸುತ್ತವೆ.

ಸಾಹೇಬರು ನಮ್ಮ ಕೊಲ್ಲಿಯಲ್ಲಿ ಹುಲ್ಲಿನ ಗುಂಟ ಹಗ್ಗ ಹಾಕಿರಿ ಎಂದರು.

“ಈಗ ಬ್ಯಾಡ್ರಿ, ಸಾಹೇಬ್ರ. ಮರಿ ಅವ.”

“ಹೈದರಾಬಾದಿನಿಂದ ಮರಲ್ ಕೇಳ್ತಿದ್ದಾರೆ, ಕಾಶೀಬಾಯಿ. ನೀವು ಹಾಕದಿದ್ದರೆ ಬೇರೆಯವರು ಹಾಕುತ್ತಾರೆ.”

“ಹಾಕಸ್ರಿ. ನಾ ಹಾಕಂಗಿಲ್ಲ.”

“ಹಾಗಾದರೆ ನಾಳೆಯಿಂದ ಬರಬೇಡಿ.”

ಚಾಚಾ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. ಸಮಾಧಾನ ಹೇಳುತ್ತಾರೆ ಎಂದುಕೊಂಡೆ. ಅವರು ಸಾಹೇಬರ ಕಡೆ ತಿರುಗಿ, “ಬುಟ್ಟಿ ನಂದು. ನಾನೂ ಬರಂಗಿಲ್ಲ,” ಎಂದು ಬುಟ್ಟಿ ಹೊತ್ತುಕೊಂಡು ಹೊರಟರು.

ಆ ಮಳೆಗಾಲ ನಾನು ತವರಿಗೆ ಹೋಗಿ ಖಟಕ ಚಿಂಚೋಳಿಯಲ್ಲಿ ಉದ್ದು, ತೊಗರಿ ಹೊಲಗಳಲ್ಲಿ ಕಳೆ ತೆಗೆದೆ. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗುತ್ತಿತ್ತು. ತಪ್ಪು ಮಾಡಿದೆನೇ ಎಂದು ಒಂದು ದಿನವೂ ಅನ್ನಿಸಲಿಲ್ಲ. ಸಿಟ್ಟು ಮಾತ್ರ ಬಹಳ ಬರುತ್ತಿತ್ತು, ಏಕೆಂದರೆ ಅತ್ತೆ ಭಾಲ್ಕಿ ಬಸ್ಸಿನವರ ಕೈಯಲ್ಲಿ ಸುದ್ದಿ ಕಳಿಸುತ್ತಿದ್ದರು: ಇವತ್ತು ಬುಟ್ಟಿ ತುಂಬ ಮರಲ್ ಹೋಯಿತು, ನಿನ್ನೆಯೂ ಹೋಯಿತು.

ಮುಂದಿನ ವರ್ಷ ಮರಲ್ ಬರಲಿಲ್ಲ. ಅದರ ಮುಂದಿನ ವರ್ಷವೂ ಅಷ್ಟಕ್ಕಷ್ಟೇ. ಸಾಹೇಬರು ಮನೆಗೆ ಬಂದರು. ತಪ್ಪಾಯಿತು ಎನ್ನಲಿಲ್ಲ, ನಾನೂ ಆ ಮಾತಿಗೆ ಕಾಯಲಿಲ್ಲ. ಅತ್ತೆ ಕೊಟ್ಟ ಚಹಾ ಕುಡಿದು, “ಕೊಲ್ಲಿ ನೀವು ನೋಡಿಕೊಳ್ಳಿ. ಯಾವಾಗ ಹಾಕಬೇಕು, ಯಾವಾಗ ಬೇಡ, ನನ್ನನ್ನು ಕೇಳಬೇಡಿ,” ಎಂದು ಎದ್ದು ಹೋದರು. ನಾನೂ ಚಾಚಾನೂ ಮತ್ತೆ ಬುಟ್ಟಿ ಎತ್ತಿಕೊಂಡು ಕೊಲ್ಲಿಗೆ ಇಳಿದೆವು. ಮರಲ್ ಮತ್ತೆ ತುಂಬುವ ಹೊತ್ತಿಗೆ ಅವರು ಬೇರೆ ಊರಿಗೆ ಹೋಗಿದ್ದರು. ಸೋಪಿನ ಋಣ ಒಂದು ಇದೆ, ಆದ್ದರಿಂದ ಅವರ ಬಗ್ಗೆ ಇಷ್ಟೇ.

ಈಗ ಜನ ಹೆಚ್ಚು ಕೇಳುವ ಆ ಬಿರುಗಾಳಿಯ ಸಂಗತಿ.

ಬೇಸಿಗೆಯ ಕೊನೆ. ಮಧ್ಯಾಹ್ನದಿಂದಲೇ ಪಶ್ಚಿಮಕ್ಕೆ ಮೋಡ ಕಪ್ಪಾಗುತ್ತಿತ್ತು. ಮಳೆಗೆ ಮೊದಲು ಮೀನು ಚುರುಕಾಗುತ್ತದೆ ಎಂದು ನಾನು ಬೇಗನೇ ಹಗ್ಗ ಹಾಕಿದ್ದೆ. ಕೊಲ್ಲಿಯ ಬಾಯಿಗೆ ಅಡ್ಡಲಾಗಿ, ಒಂದು ತುದಿ ನೀರಿನಲ್ಲಿ ನಿಂತ ಹುಣಸೆಯ ಬೊಡ್ಡೆಗೆ, ಇನ್ನೊಂದು ತುದಿ ಒಡ್ಡಿನ ಕಲ್ಲಿಗೆ. ಆ ದಿನ ಬಾಟಲಿಗಳನ್ನು ಕಟ್ಟಿ ತೇಲುಹಗ್ಗ ಹಾಕಿದ್ದೆ. ಚಾಚಾಗೆ ಜ್ವರ, ದಂಡೆಯ ಗುಡಿಸಲಲ್ಲಿ ಮಲಗಿದ್ದರು.

ಎದುರು ದಂಡೆಯ ಊರಿನಿಂದ ನಮ್ಮ ಕಡೆಗೆ ಮಾರುತಿ ಎಂಬವನು ತೆಪ್ಪದಲ್ಲಿ ಜನರನ್ನು ದಾಟಿಸುತ್ತಿದ್ದ. ಬಿದಿರು ಹೆಣೆದು ತಾಡಪತ್ರಿ ಹೊದಿಸಿದ ದುಂಡು ತೆಪ್ಪ. ರಸ್ತೆಯಲ್ಲಿ ಬಂದರೆ ಇಡೀ ಹಿನ್ನೀರು ಸುತ್ತಬೇಕು. ಆ ದಿನ ಅವನ ತೆಪ್ಪದಲ್ಲಿ ನಮ್ಮ ಕಡೆಯ ನರ್ಸ್ ಸುಮಿತ್ರಾ ಸಿಸ್ಟರ್ ಇದ್ದರು, ಮಡಿಲಲ್ಲಿ ಮಕ್ಕಳ ಚುಚ್ಚುಮದ್ದಿನ ಡಬ್ಬಿ. ಅವರು ಕೊಲ್ಲಿಯ ನಡುವಿಗೆ ಬರುವುದಕ್ಕೂ ಗಾಳಿ ಏಳುವುದಕ್ಕೂ ಸರಿಹೋಯಿತು.

ಬೀದರದ ಬಯಲು ಸೀಮೆಯ ಗಾಳಿ ನೋಡಿದವರಿಗೆ ಗೊತ್ತು, ಅದು ಬರುವಾಗ ಹೇಳಿ ಬರುವುದಿಲ್ಲ. ತೆಪ್ಪ ಬುಗುರಿಯ ಹಾಗೆ ತಿರುಗಿತು. ಮಾರುತಿಯ ಹುಟ್ಟು ಕೈಬಿಟ್ಟು ಹೋಯಿತು. ತೆಪ್ಪ ಕೊಲ್ಲಿಯೊಳಗಿಂದ ಅಗಲ ನೀರಿನ ಕಡೆಗೆ ಜಾರತೊಡಗಿತು. ಅಲ್ಲಿ ಅಲೆಗಳು ಆಗಲೇ ಬೆಳ್ಳಗೆ ಒಡೆಯುತ್ತಿದ್ದವು. ನಾನು ದಂಡೆಯಿಂದ ನೋಡುತ್ತ ನಿಂತೆ. ಒಮ್ಮೆಲೇ ತೆಪ್ಪ ಗಕ್ಕನೆ ನಿಂತಿತು. ನನ್ನ ಹಗ್ಗದ ಮೇಲೆ ಹತ್ತಿತ್ತು. ಹಗ್ಗ ತಳಕ್ಕೆ ಸಿಕ್ಕಿ, ಗಾಳಗಳು ತಾಡಪತ್ರಿಗೆ ಚುಚ್ಚಿಕೊಂಡಿದ್ದವು.

ನಿಂತಿತೇನೋ ಸರಿ, ಆದರೆ ಒಂದೇ ಕಡೆ ಹಿಡಿದಿದ್ದರಿಂದ ತೆಪ್ಪ ಓರೆಯಾಗಿ, ಪ್ರತಿ ಅಲೆಗೂ ನೀರು ಒಳಗೆ ಬರತೊಡಗಿತು. ಮಾರುತಿ ಕುಡುಗೋಲು ತೆಗೆದದ್ದು ಕಂಡಿತು.

“ಕೊಯ್ಯಬ್ಯಾಡೋ! ಮಾರುತಿ, ಹಗ್ಗಾ ಕೊಯ್ಯಬ್ಯಾಡ!” ಎಂದು ಕಿರುಚಿದೆ. ಗಾಳಿ ನನ್ನ ಮಾತನ್ನು ನನ್ನ ಬಾಯಿಗೇ ತುರುಕಿತು. ಕೊಯ್ದರೆ ಅವರು ಅಗಲ ನೀರಿಗೆ ಹೋಗುತ್ತಾರೆ, ಅಲ್ಲಿಂದ ತರುವವರು ಯಾರೂ ಇಲ್ಲ. ದಂಡೆಯಲ್ಲಿ ನಮ್ಮ ಥರ್ಮೋಕೋಲಿನ ಹಲಗೆ ಇತ್ತು. ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಅದರ ಮೇಲೆ ಬೋರಲಾಗಿ ಮಲಗಿ, ಒಡ್ಡಿನ ಕಲ್ಲಿನ ಕಡೆಯಿಂದ ಹಗ್ಗವನ್ನು ಹಿಡಿದು ಕೈ ಮೇಲೆ ಕೈ ಹಾಕಿ ಹೊರಟೆ.

ಆ ದಾರಿಯನ್ನು ನಾನು ಸುಲಭ ಮಾಡಿ ಹೇಳುವುದಿಲ್ಲ. ಪ್ರತಿ ಹಿಡಿತಕ್ಕೂ ಒಂದು ಗಾಳ ಎದುರಾಗುತ್ತದೆ. ಹಗ್ಗ ಬಿಡುವಂತಿಲ್ಲ, ದಾರವನ್ನು ಬೆರಳಲ್ಲಿ ಸರಿಸಿ ಅದರಾಚೆ ಹಿಡಿಯಬೇಕು. ಅಲೆಗೆ ಕೈ ಅಲುಗಿದರೆ ಗಾಳ ಒಳಗೆ. ಒಂದು ನನ್ನ ತೋಳಿನ ರವಿಕೆಗೆ ಸಿಕ್ಕಿತು, ಹರಿದುಕೊಂಡೆ. ಒಂದು ಎಡ ಅಂಗೈಗೆ ಹೋಯಿತು. ಹಲ್ಲಿನಿಂದ ಅದರ ದಾರ ಕಡಿದು, ಗಾಳವನ್ನು ಕೈಯಲ್ಲಿಟ್ಟುಕೊಂಡೇ ಮುಂದೆ ಹೋದೆ.

ಹತ್ತಿರ ಹೋದಾಗ ಕಂಡದ್ದು ಬೇರೆ. ಕುಡುಗೋಲು ಮಾರುತಿಯ ಕೈಯಲ್ಲಿ ಇರಲಿಲ್ಲ. ಸಿಸ್ಟರ್ ಅದನ್ನು ಕಿತ್ತುಕೊಂಡು ತಮ್ಮ ಕಾಲ ಕೆಳಗೆ ಇಟ್ಟು, ಊಟದ ಡಬ್ಬಿಯ ಮುಚ್ಚಳದಿಂದ ನೀರು ಎತ್ತಿ ಹೊರಗೆ ಚೆಲ್ಲುತ್ತಿದ್ದರು.

“ಕೊಯ್ಯಂತಾನ್ರಿ ಅಕ್ಕಾ ಇವಾ!” ಎಂದು ಕೂಗಿದರು.

“ಮುಳಗ್ತದ ವೈನಿ, ನಿಮ್ಮ ಗಾಳದಿಂದೇ ಮುಳಗ್ತದ!” ಮಾರುತಿ ಅಳುವ ಸ್ಥಿತಿಯಲ್ಲಿದ್ದ. ಅವನ ಮಾತು ಸುಳ್ಳಲ್ಲ. ತೆಪ್ಪ ಅರ್ಧ ತುಂಬಿತ್ತು.

“ಕುಡಗೋಲು ನನಗ ಕೊಡ್ರಿ. ಮಾರುತಿ, ಹಗ್ಗಾ ಎರಡೂ ಕೈಲೆ ಹಿಡಿ. ಸತ್ರೂ ಬಿಡಬ್ಯಾಡ.”

ಅವನು ದೊಡ್ಡ ಹಗ್ಗವನ್ನು ಹಿಡಿದ. ನಾನು ನೀರಿಗೆ ಇಳಿದು, ತೆಪ್ಪದ ತಳಕ್ಕೆ ಚುಚ್ಚಿದ ದಾರಗಳನ್ನು ಮಾತ್ರ ಒಂದೊಂದಾಗಿ ಕೊಯ್ದೆ. ಕೊನೆಯದು ಹರಿದಾಗ ತೆಪ್ಪ ನೆಟ್ಟಗಾಯಿತು. ಈಗ ಅದನ್ನು ಹಿಡಿದಿದ್ದುದು ಮಾರುತಿಯ ಎರಡು ಕೈ. ಸಿಸ್ಟರ್ ಡಬ್ಬಿಯನ್ನು ಕಾಲ ನಡುವೆ ಒತ್ತಿಟ್ಟು ತಾವೂ ಹಗ್ಗ ಹಿಡಿದರು. ಹಗ್ಗದ ಗುಂಟ ಜಗ್ಗುತ್ತ ಜಗ್ಗುತ್ತ ಹುಣಸೆಯ ಬೊಡ್ಡೆ ಮುಟ್ಟಿ, ತೆಪ್ಪವನ್ನು ಅದಕ್ಕೆ ಕಟ್ಟಿದೆವು. ಮಳೆ ಕಲ್ಲಿನ ಹಾಗೆ ಹೊಡೆಯುತ್ತಿತ್ತು. ಮೂವರೂ ಆ ಬೊಡ್ಡೆಯನ್ನು ತಬ್ಬಿಕೊಂಡು ಕೂತೆವು. ಗಾಳಿ ಬಂದ ಹಾಗೆಯೇ ಹೋಯಿತು.

ದಂಡೆಗೆ ಬಂದಮೇಲೆ ಸಿಸ್ಟರ್ ನನ್ನ ಅಂಗೈ ನೋಡಿದರು. ಗಾಳವನ್ನು ಬಂದ ದಾರಿಯಲ್ಲಿ ಎಳೆಯುವ ಹಾಗಿಲ್ಲ, ಅದರ ಮುಳ್ಳು ಮಾಂಸ ಕಿತ್ತುಕೊಂಡು ಬರುತ್ತದೆ. ಮುಂದಕ್ಕೆ ತಳ್ಳಿ, ಮೊನೆ ಹೊರಗೆ ಬಂದಮೇಲೆ ಕತ್ತರಿಸಬೇಕು. ಚಾಚಾ ಜ್ವರದಲ್ಲಿಯೇ ಎದ್ದು ಬಂದು ಇಕ್ಕಳ ಕೊಟ್ಟರು.

“ಅಕ್ಕಾ, ಚೀರಬ್ಯಾಡ್ರಿ, ಸ್ವಲ್ಪೇ,” ಎಂದರು ಸಿಸ್ಟರ್.

“ನಾ ಎಲ್ಲಿ ಚೀರ್ಲತ್ತೀನಿ? ಅಳ್ಲತ್ತಿರೋರು ನೀವು.”

ನಿಜವಾಗಿಯೂ ಅವರ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಗಾಳ ತೆಗೆದು, ಪಟ್ಟಿ ಕಟ್ಟಿ, ನನಗೂ ಒಂದು ಸೂಜಿ ಚುಚ್ಚಿ, ಒದ್ದೆ ಸೀರೆಯಲ್ಲಿಯೇ ಅಂಗನವಾಡಿಗೆ ಹೋದರು. ಕಾಯುತ್ತಿದ್ದ ತಾಯಂದಿರು ಇನ್ನೂ ಎದ್ದು ಹೋಗಿರಲಿಲ್ಲ.

ನನ್ನ ಹಗ್ಗದಿಂದ ಇಬ್ಬರು ಉಳಿದರು ಎಂದು ಊರು ಹೇಳಿತು. ಅದರಿಂದಲೇ ಮುಳುಗುತ್ತಿದ್ದೆ ಎಂದು ಮಾರುತಿ ಇವತ್ತಿಗೂ ಹೇಳುತ್ತಾನೆ. ಎರಡೂ ಖರೆ. ಆ ವಾರದಿಂದಲೇ ನಾನು ಹಗ್ಗದ ಎರಡೂ ತುದಿಗೆ ಕೆಂಪು ಬಟ್ಟೆ ಕಟ್ಟಿ, ತೆಪ್ಪ ಹೋಗುವ ದಾರಿಯನ್ನು ಬಿಟ್ಟು ಹಾಕತೊಡಗಿದೆ. ಮಾರುತಿ ಪ್ರತಿ ದಿನ ದಾಟುವ ಮೊದಲು, “ವೈನಿ, ಇವತ್ತು ಎಲ್ಲಿ ಬಿಟ್ಟೀರಿ?” ಎಂದು ಕೂಗಿ ಕೇಳುತ್ತಿದ್ದ. ಗಾಳ ಹಾಕುವವರು ನೀರು ತಮ್ಮೊಬ್ಬರದೇ ಎಂದುಕೊಳ್ಳಬಾರದು. ಈ ಮಾತನ್ನು ನಾನು ಯಾರಿಗೂ ಹೇಳದೆ ಕಳಿಸುವುದಿಲ್ಲ.

ನಮ್ಮ ಕಣ್ಣೆದುರಿಗೇ ಬಹಳ ಬದಲಾಯಿತು. ಚಾಚಾ ಮೊದಲು ಬಳಸುತ್ತಿದ್ದುದು ಪುಂಡಿ ನಾರಿನ ಹಗ್ಗ. ದಿನಾ ಒಣಗಿಸಬೇಕು, ಇಲ್ಲವಾದರೆ ಕೊಳೆಯುತ್ತದೆ. ನೈಲಾನ್ ಬಂತು, ಒಣಗಿಸುವ ಕೆಲಸ ತಪ್ಪಿತು. ಆದರೆ ಹರಿದು ನೀರಿನಲ್ಲಿ ಉಳಿದ ನೈಲಾನ್ ಎಂದೂ ಸಾಯುವುದಿಲ್ಲ, ವರ್ಷಗಟ್ಟಲೆ ಯಾರಿಗೂ ಬೇಡದ ಮೀನು ಹಿಡಿಯುತ್ತಲೇ ಇರುತ್ತದೆ. ಹರಿದದ್ದನ್ನು ಹುಡುಕಿ ತೆಗೆಯದೆ ಮನೆಗೆ ಹೋಗಬೇಡಿ. ಬಡಿದ ಗಾಳ ಹೋಗಿ ಪ್ಯಾಕೆಟ್ ಗಾಳ ಬಂತು. ಅದು ಚೂಪು, ಆದರೆ ದೊಡ್ಡ ಬಾಳೆಮೀನು ಅದನ್ನು ನೆಟ್ಟಗೆ ಮಾಡಿ ಹೋಗುತ್ತದೆ. ಮೊಬೈಲ್ ಬಂತು, ಮಳೆ ಯಾವಾಗ ಎಂದು ಅದು ಹೇಳುತ್ತದೆ. ನಾನು ಅದನ್ನೂ ನೋಡುತ್ತೇನೆ, ಇರುವೆಯನ್ನೂ ನೋಡುತ್ತೇನೆ.

ಚಾಚಾ ಹೋದರು, ಅತ್ತೆ ಹೋದರು. ಅವರ ನಂತರವೂ ನಾನು ಬಹಳ ವರ್ಷ ಒಬ್ಬಳೇ ಹಗ್ಗ ಎತ್ತಿದೆ. ಆಮೇಲೆ ಭುಜ ನಿಂತಿತು. ಡಾಕ್ಟರು ಜಗ್ಗುವ ಕೆಲಸ ಬಿಡಿ ಎಂದರು. ಬೀದರಕ್ಕೆ ಬಂದೆ. ನಮ್ಮ ಮನೆಯವರು, “ಈಗರೆ ಮೀನಿನ ವಾಸನಿ ಹೋಯ್ತು ನೋಡು,” ಎಂದು ಚೇಷ್ಟೆ ಮಾಡಿದರು. ನನಗೆ ಆ ಮಾತು ಸೇರಲಿಲ್ಲ.

ಕಳೆದ ಚಳಿಗಾಲದಲ್ಲಿ ಔರಾದ ಕಡೆಯ ಒಂದು ಊರಿನ ಹೆಣ್ಣುಮಕ್ಕಳ ಸಂಘದವರು ಬಂದರು. ಊರ ಕೆರೆ ಅವರಿಗೆ ಸಿಕ್ಕಿತ್ತು. ಕೆರೆಯ ತುಂಬ ಜಾಲಿಯ ಬೊಡ್ಡೆ, ಬಲೆ ಹರಿಯುತ್ತದೆ. ಹಗ್ಗದ ಗಾಳ ಕಲಿಸಿರಿ ಎಂದರು. ಹೋದೆ. ಅವರಲ್ಲಿ ಒಬ್ಬಳು ಸಂಗಮ್ಮ, ಎಮ್ಮೆ ಕಟ್ಟಿ ಹಾಲು ಮಾರುವವಳು. ನೀರು ಎಂದರೆ ಎಮ್ಮೆ ತೊಳೆಯುವುದಕ್ಕೆ ಎಂದಷ್ಟೇ ತಿಳಿದಿದ್ದವಳು. ಸಂಜೆ ಎಲ್ಲರೂ ಸೇರಿ ಹಗ್ಗ ಹಾಕಿದೆವು. ಬೆಳಿಗ್ಗೆ ತೆಪ್ಪದಲ್ಲಿ ನಾನು, ಸಂಗಮ್ಮ. ಉಳಿದವರು ದಂಡೆಯ ಮೇಲೆ.

ನಡುವಿಗೆ ಹೋದಾಗ ಹಗ್ಗ ಭಾರವಾಯಿತು. ನಾನು ಎಡಗೈಯಿಂದ ಮುಟ್ಟಿ ನೋಡಿ, ದಂಡೆಯವರಿಗೆ ಕೇಳುವ ಹಾಗೆ, “ಬಾಳಿಮೀನು! ದೊಡ್ಡದದ!” ಎಂದು ಕೂಗಿದೆ. ಅವರು ಚಪ್ಪಾಳೆ ಹೊಡೆದರು.

ಸಂಗಮ್ಮ ಹಗ್ಗ ಹಿಡಿದು ಸುಮ್ಮನೆ ಕೂತಿದ್ದಳು. ಜಗ್ಗಲಿಲ್ಲ.

“ಜಗ್ಗವಾ.”

“ಅಕ್ಕಾ, ಇದು ಮೀನಲ್ರಿ.”

“ನಿನಗ ಹ್ಯಾಂಗ ಗೊತ್ತು?”

“ಮೀನಾದ್ರ ಆ ಕಡಿ ಈ ಕಡಿ ಓಡಬೇಕಲ್ರಿ? ಇದು ಓಡ್ಲತ್ತಿಲ್ಲ. ಕಾಲ ಊರಿ ಹಿಂದಕ ಎಳೀಲತ್ತದ. ನಮ್ಮ ಎಮ್ಮಿ ಕೊಟ್ಟಿಗಿ ಒಳಗ ಬರಂಗಿಲ್ಲ ಅಂತ ಹಟಾ ಮಾಡ್ತದ ನೋಡ್ರಿ, ಹಂಗ. ಇದಕ ಕಾಲ ಅವ.”

ನಾನು ಮತ್ತೆ ಹಗ್ಗ ಮುಟ್ಟಿದೆ. ಬಾಳೆಮೀನೇ ಎಂದು ನನ್ನ ಕೈ ಈಗಲೂ ಹೇಳುತ್ತಿತ್ತು.

ಅವಳು ನಿಧಾನವಾಗಿ, ಎಮ್ಮೆಯನ್ನು ರಮಿಸುವ ಹಾಗೆ ಸ್ವಲ್ಪ ಬಿಟ್ಟು ಸ್ವಲ್ಪ ಎಳೆದು ಮೇಲಕ್ಕೆ ತಂದಳು. ನೀರು ಕಲಕಿತು. ಮೊದಲು ಒಂದು ಚೂಪು ಮೂಗು, ಆಮೇಲೆ ತಟ್ಟೆಯಗಲದ ಬೆನ್ನು. ಆಮೆ. ನಾಲ್ಕೂ ಕಾಲುಗಳನ್ನು ನೀರಿಗೆ ಒತ್ತಿ ನಮ್ಮಿಬ್ಬರನ್ನೂ ಬೈಯುವ ಹಾಗೆ ಬಾಯಿ ತೆರೆದಿತ್ತು. ಗಾಳ ತುಟಿಯ ಅಂಚಿಗೆ ಮಾತ್ರ ಸಿಕ್ಕಿತ್ತು. ಅದರ ಬಾಯಿಗೆ ಕೈ ಕೊಡಬೇಡ ಎಂದು ನಾನು ಹೇಳುವಷ್ಟರಲ್ಲಿ ಸಂಗಮ್ಮ ಅದರ ತಲೆಯ ಮೇಲೆ ಸೆರಗು ಹಾಕಿ ಕಣ್ಣು ಮುಚ್ಚಿದ್ದಳು. ಆಮೆ ತಣ್ಣಗಾಯಿತು. ನಾನು ಇಕ್ಕಳದಿಂದ ಗಾಳ ಕತ್ತರಿಸಿದೆ. ಸೆರಗು ತೆಗೆದಕೂಡಲೇ ಅದು ಕೆಸರು ನೀರಿನಲ್ಲಿ ಮಾಯವಾಯಿತು.

ದಂಡೆಯವರು, “ಬಾಳಿಮೀನು ಎಲ್ಲದ್ರಿ ಅಕ್ಕಾ?” ಎಂದು ಕೂಗಿದರು.

“ಕಾಲ ಬಂದ್ವು, ನಡಕೊಂಡು ಹೋಯ್ತು!” ಎಂದು ಕೂಗಿದೆ. ಸಂಗಮ್ಮ ತೆಪ್ಪ ಮಗುಚುವ ಹಾಗೆ ನಕ್ಕಳು. ನಾನೂ ನಕ್ಕೆ. ಆಮೇಲೆ ಹಿಂದಕ್ಕೆ ಸರಿದು, ತೆಪ್ಪದಲ್ಲಿ ನಾನು ಕೂತಿದ್ದ ಮುಂದಿನ ಜಾಗವನ್ನು ಅವಳಿಗೆ ಬಿಟ್ಟೆ. ಉಳಿದ ಹಗ್ಗವನ್ನೆಲ್ಲ ಅವಳೇ ಎತ್ತಿದಳು.